ಸಫೊಕೇಶನ್ ಕೇಳುವುದು ಹೇಗೆ: 'ಎಫಿಜಿ ಆಫ್ ದ ಫರ್ಗಾಟನ್' ಆಲ್ಬಂಗೆ ಸಮಗ್ರ ಮಾರ್ಗದರ್ಶಿ

ಮೆಟಲ್ ಸಂಗೀತದ ಅತಿ ಉಗ್ರ ಕವಲಾದ ಬ್ರೂಟಲ್ ಡೆತ್ ಮೆಟಲ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ವಿವರಿಸಲು ಹೋಗುವುದಿಲ್ಲ. ಒಂದು ಆಲ್ಬಂ ಹೆಸರು ಹೇಳುತ್ತೇನೆ. ಸಫೊಕೇಶನ್ ಬ್ಯಾಂಡ್ 1991ರಲ್ಲಿ ತಂದ 'ಎಫಿಜಿ ಆಫ್ ದ ಫರ್ಗಾಟನ್'. ಅದನ್ನು ಹಾಕಿದವರಲ್ಲಿ ಹೆಚ್ಚಿನವರು ಎರಡನೇ ಹಾಡು ಮುಟ್ಟುವುದಿಲ್ಲ. "ಇದೇನಪ್ಪಾ, ಬರೀ ಗಲಾಟೆ" ಅಂತ ಹೆಡ್‌ಫೋನ್ ತೆಗೆದಿಡುತ್ತಾರೆ.

ಹಾಗೆ ಅನ್ನಿಸುವುದು ಸಹಜ. ಹೊಸದಾಗಿ ಕೇಳುವವರು ಒಂದೋ ಹಾಡುಗಾರನ ಮಾತು ಹಿಡಿಯಲು ನೋಡುತ್ತಾರೆ, ಇಲ್ಲವೇ ಡ್ರಮ್ಸ್ ವೇಗಕ್ಕೆ ತಲೆ ಆಡಿಸಲು ನೋಡುತ್ತಾರೆ. ಇಲ್ಲಿ ಎರಡೂ ಕೈಗೆ ಸಿಗುವುದಿಲ್ಲ. ಈ ಆಲ್ಬಂನ ಗುಟ್ಟು ಇರುವುದು ವೇಗ ಇಳಿಯುವ ಜಾಗಗಳಲ್ಲಿ. ಎಲ್ಲಿ ಇಳಿಯುತ್ತದೆ, ಹೇಗೆ ಇಳಿಯುತ್ತದೆ, ಇಳಿದಾಗ ಯಾರು ಏನು ಮಾಡುತ್ತಾರೆ ಅನ್ನುವುದು ಕಿವಿಗೆ ಸಿಕ್ಕಿದರೆ ಉಳಿದ ಗಲಾಟೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ನಾವು ಹಾಡನ್ನು ಮೊದಲಿನಿಂದ ಕೇಳುವುದೇ ಇಲ್ಲ. ನಡುವಿನಿಂದ ಶುರು ಮಾಡುತ್ತೇವೆ.

ಮೊದಲು, ಇವರು ಯಾರು

ಸಫೊಕೇಶನ್ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನ ಬ್ಯಾಂಡ್. ಶುರುವಾಗಿದ್ದು 1980ರ ದಶಕದ ಕೊನೆಯಲ್ಲಿ. 1991ರಲ್ಲಿ 'ಹ್ಯೂಮನ್ ವೇಸ್ಟ್' ಅನ್ನುವ ಆರು ಹಾಡಿನ ಇಪಿ (ಪೂರ್ಣ ಆಲ್ಬಂಗಿಂತ ಚಿಕ್ಕ ರೆಕಾರ್ಡ್) ರಿಲ್ಯಾಪ್ಸ್ ರೆಕಾರ್ಡ್ಸ್‌ನಿಂದ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೊದಲ ಪೂರ್ಣ ಆಲ್ಬಂ 'ಎಫಿಜಿ ಆಫ್ ದ ಫರ್ಗಾಟನ್' ಹೊರಬಂತು. ಇದನ್ನು ತಂದಿದ್ದು ರೋಡ್‌ರನ್ನರ್‌ಗೆ ಸೇರಿದ ಆರ್/ಸಿ ರೆಕಾರ್ಡ್ಸ್. ಒಟ್ಟು 9 ಹಾಡು, ಸುಮಾರು 37 ನಿಮಿಷ.

ಆಡಿದವರು ಐವರು. ಗಾಯನ ಫ್ರಾಂಕ್ ಮುಲನ್, ಗಿಟಾರ್ ಟೆರನ್ಸ್ ಹಾಬ್ಸ್ ಮತ್ತು ಡಗ್ ಸೆರಿಟೊ, ಬೇಸ್ ಜಾಶ್ ಬಾರೋನ್, ಡ್ರಮ್ಸ್ ಮೈಕ್ ಸ್ಮಿತ್. ಈ ಐವರಲ್ಲಿ ಇವತ್ತಿಗೂ ಬ್ಯಾಂಡ್ ನಡೆಸುತ್ತಿರುವವರು ಹಾಬ್ಸ್ ಮಾತ್ರ. ರೆಕಾರ್ಡ್ ಮಾಡಿದ್ದು ಫ್ಲಾರಿಡಾದ ಟ್ಯಾಂಪಾದಲ್ಲಿರುವ ಮಾರಿಸೌಂಡ್ ಸ್ಟುಡಿಯೋದಲ್ಲಿ, ನಿರ್ಮಾಪಕ ಸ್ಕಾಟ್ ಬರ್ನ್ಸ್. ಆ ಕಾಲದ ಡೆತ್ ಮೆಟಲ್ ಆಲ್ಬಂಗಳ ಹಿಂಬದಿ ತಿರುಗಿಸಿದರೆ ಈ ಎರಡು ಹೆಸರು ಮತ್ತೆ ಮತ್ತೆ ಕಾಣುತ್ತವೆ. ಡೆತ್, ಒಬಿಚುವರಿ, ಡಿಯಿಸೈಡ್, ಕ್ಯಾನಿಬಲ್ ಕಾರ್ಪ್ಸ್ ಬ್ಯಾಂಡ್‌ನವರೆಲ್ಲರೂ ಅದೇ ಬಾಗಿಲು ದಾಟಿ ಬಂದವರೇ. ಮುಖಪುಟದ ಚಿತ್ರ ಇಂಗ್ಲೆಂಡ್‌ನ ಕಲಾವಿದ ಡ್ಯಾನ್ ಸೀಗ್ರೇವ್ ಅವರದು. ಮಾರ್ಬಿಡ್ ಏಂಜಲ್‌ನ 'ಆಲ್ಟರ್ಸ್ ಆಫ್ ಮ್ಯಾಡ್ನೆಸ್' ಚಿತ್ರವೂ ಅವರದೇ.

ಲಾಂಗ್ ಐಲೆಂಡ್ ಅನ್ನುವುದನ್ನು ನೆನಪಿಡಿ. ಫ್ಲಾರಿಡಾದ ಡೆತ್ ಮೆಟಲ್ ಹೆಚ್ಚಾಗಿ ಥ್ರ್ಯಾಶ್ ಅನ್ನುವ ವೇಗದ ಮೆಟಲ್‌ನಿಂದ ಬೆಳೆದಿದ್ದು. ನ್ಯೂಯಾರ್ಕ್‌ನಲ್ಲಿ ಪಕ್ಕದಲ್ಲೇ ಪಂಕ್ ರಾಕ್‌ನ ಒರಟು ಕವಲಾದ ಹಾರ್ಡ್‌ಕೋರ್ ಇತ್ತು. ಜನ ಗುಂಪಿನಲ್ಲಿ ಕುಣಿಯಲಿ ಅಂತಲೇ ಹಾಡನ್ನು ನಿಧಾನ ಮಾಡುವ ಬ್ರೇಕ್‌ಡೌನ್ ಹಾರ್ಡ್‌ಕೋರ್‌ನ ಚಾಳಿ. ಅದು ಸಫೊಕೇಶನ್‌ಗೂ ಅಂಟಿತು.

ಹೆಜ್ಜೆ 1: ಕೇಳುವ ಏರ್ಪಾಟು

ಫೋನಿನ ಸ್ಪೀಕರ್‌ನಲ್ಲಿ ಈ ಆಲ್ಬಂ ಕೇಳಬೇಡಿ. ಗಿಟಾರ್‌ಗಳು ತಗ್ಗಿಸಿದ ಶ್ರುತಿಯಲ್ಲಿವೆ, ಕಾಲಿನಿಂದ ಬಾರಿಸುವ ಕಿಕ್ ಡ್ರಮ್‌ನ ಸದ್ದೂ ತಗ್ಗಿನದು. ಫೋನ್ ಸ್ಪೀಕರ್ ಇದೆಲ್ಲವನ್ನೂ ನುಂಗಿ ಬರೀ ಚರಪರ ಸದ್ದು ಉಗುಳುತ್ತದೆ. ಸಾಧಾರಣ ತಂತಿಯ ಇಯರ್‌ಫೋನ್ ಸಾಕು. ದುಬಾರಿ ಹೆಡ್‌ಫೋನ್ ಬೇಕಿಲ್ಲ.

ಬೇಸ್ ಬೂಸ್ಟ್ ಆಫ್ ಮಾಡಿ. ಇದು ತುಂಬಾ ಮುಖ್ಯ. ಬೂಸ್ಟ್ ಹಾಕಿದರೆ ಗಿಟಾರ್‌ನ ಕೆಳಭಾಗ, ಬೇಸ್, ಕಿಕ್ ಮೂರೂ ಕಲಸಿ ಮುದ್ದೆಯಾಗುತ್ತವೆ. ಈಕ್ವಲೈಸರ್ ನೇರವಾಗಿರಲಿ.

ವಾಲ್ಯೂಮ್ ಮಧ್ಯಮ. ಮೆಟಲ್ ಅಂದರೆ ಜೋರಾಗಿಯೇ ಕೇಳಬೇಕು ಅನ್ನುವುದು ಸುಮ್ನೆ ಜಂಬ. ಜೋರು ಮಾಡಿದಷ್ಟೂ ಕಿವಿ ಬೇಗ ದಣಿಯುತ್ತದೆ, ದಣಿದ ಕಿವಿಗೆ ಎಲ್ಲ ರಿಫ್ಫೂ (ಗಿಟಾರ್‌ನಲ್ಲಿ ಮತ್ತೆ ಮತ್ತೆ ಬರುವ ತುಣುಕು) ಒಂದೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಪಕ್ಕದಲ್ಲಿ ಕೂತವರು ಕರೆದರೆ ನಿಮಗೆ ಕೇಳಿಸಬೇಕು, ಅಷ್ಟಿದ್ದರೆ ಸಾಕು. ಮನೆಯಲ್ಲಿ ಅಮ್ಮ ಇದ್ದರೆ ಹೇಗೂ ಕರೆಯುತ್ತಾರೆ.

ಒಂದು ಕಾಗದ, ಒಂದು ಪೆನ್ನು ಪಕ್ಕದಲ್ಲಿಟ್ಟುಕೊಳ್ಳಿ. ಐದನೇ ಹೆಜ್ಜೆಗೆ ಬೇಕಾಗುತ್ತದೆ.

ಹೆಜ್ಜೆ 2: ಕಿವಿಯನ್ನು ಹದ ಮಾಡಿಕೊಳ್ಳುವುದು

ಈಗಾಗಲೇ ಡೆತ್ ಮೆಟಲ್ ಕೇಳುವವರು ಈ ಹೆಜ್ಜೆ ದಾಟಿ ಮುಂದೆ ಹೋಗಬಹುದು.

ನಮ್ಮಲ್ಲಿ ಮೆಟಲ್ ಕೇಳುವವರಲ್ಲಿ ಬಹಳಷ್ಟು ಜನ ಐರನ್ ಮೇಡನ್ ಅಥವಾ ಮೆಟಾಲಿಕಾ ಮೂಲಕ ಬಂದವರು. 2007ರ ಮಾರ್ಚ್‌ನಲ್ಲಿ ಮೇಡನ್, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ, ಎರಡೂ ಬೆಂಗಳೂರಿನ ಅರಮನೆ ಮೈದಾನದಲ್ಲಿ ಆಡಿದವು. ಆ ಸಂಗೀತದಿಂದ ನೇರವಾಗಿ ಸಫೊಕೇಶನ್‌ಗೆ ಹಾರಿದರೆ ಕಾಲು ಉಳುಕುತ್ತದೆ. ನಡುವೆ ಮೂರು ಮೆಟ್ಟಿಲು ಇಟ್ಟುಕೊಳ್ಳಿ.

ಮೊದಲು ಸ್ಲೇಯರ್‌ನ 'ರೇನ್ ಇನ್ ಬ್ಲಡ್', 1986. ವೇಗಕ್ಕೆ ಕಿವಿ ಒಗ್ಗಲು. ಆಮೇಲೆ ನೇಪಾಮ್ ಡೆತ್‌ನ 'ಸ್ಕಮ್', 1987. ಇದರಲ್ಲಿ ಬ್ಲಾಸ್ಟ್ ಬೀಟ್ ಅನ್ನುವ ಡ್ರಮ್ಸ್ ಏಟು ಸಿಗುತ್ತದೆ, ಮತ್ತು ಹಾಡುಗಾರನ ಮಾತು ಅರ್ಥವಾಗದೇ ಇದ್ದರೂ ಪರವಾಗಿಲ್ಲ ಅನ್ನುವ ಅಭ್ಯಾಸ ಶುರುವಾಗುತ್ತದೆ. ಮೂರನೆಯದು 'ಆಲ್ಟರ್ಸ್ ಆಫ್ ಮ್ಯಾಡ್ನೆಸ್', 1989. ಅದೂ ಮಾರಿಸೌಂಡ್‌ನಲ್ಲೇ ಆದದ್ದು. ಬ್ಲಾಸ್ಟ್ ಬೀಟ್ ಮೇಲೆ ಸಂಕೀರ್ಣ ಗಿಟಾರ್ ಕೂತಾಗ ಹೇಗಿರುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಮೂರೂ ನಿಮಗೆ ಇಷ್ಟವಾಗಲೇಬೇಕು ಅಂತಿಲ್ಲ. ಪರಿಚಯ ಆದರೆ ಸಾಕು.

ಹೆಜ್ಜೆ 3: ಮೊದಲ ಹಾಡು, ಆದರೆ ಅರ್ಧದಿಂದ

ಆಲ್ಬಂನ ಮೊದಲ ಹಾಡು 'ಲೀಜ್ ಆಫ್ ಇನ್ವೆರಾಸಿಟಿ'. ನಾಲ್ಕೂವರೆ ನಿಮಿಷದ ಹತ್ತಿರ ಇದೆ. ಪ್ಲೇ ಒತ್ತಿ, ಆದರೆ ಶುರುವಿನಿಂದ ಬೇಡ. ಹಾಡಿನ ಅರ್ಧಕ್ಕೆ ಎಳೆದುಕೊಂಡು ಅಲ್ಲಿಂದ ಕೇಳಿ. ಸ್ವಲ್ಪ ಹೊತ್ತಿಗೆ ಎಲ್ಲವೂ ಕುಸಿದು ನಿಧಾನವಾಗುವ ಒಂದು ಭಾಗ ಬರುತ್ತದೆ. ಅದನ್ನು ಗುರುತಿಸುವುದು ಕಷ್ಟವಲ್ಲ. ನಿಮ್ಮ ಕತ್ತು ತಾನೇ ಅಲುಗಲು ಶುರುವಾಗುತ್ತದೆ.

ಆ ಭಾಗವನ್ನು ಮಾತ್ರ ಹಿಂದೆ ಎಳೆದು ಹಿಂದೆ ಎಳೆದು ಕೇಳಿ. ಪಾದದಲ್ಲಿ ತಾಳ ಹಾಕಿ. ಸ್ನೇರ್ (ಕೋಲಿನಿಂದ ಬಾರಿಸುವ, "ಟಕ್" ಅನ್ನುವ ಡ್ರಮ್) ಏಟು ಎಲ್ಲಿ ಬೀಳುತ್ತದೆ ಅಂತ ಗಮನಿಸಿ. ಒಂದು ಸ್ನೇರ್‌ಗೂ ಇನ್ನೊಂದಕ್ಕೂ ನಡುವೆ ಸಾಕಷ್ಟು ಜಾಗ ಇದೆ, ಅಲ್ವಾ? ಆ ಜಾಗದಲ್ಲಿ ಗಿಟಾರ್ ಏನು ನುಡಿಸುತ್ತಿದೆ ಅಂತ ಬಾಯಲ್ಲಿ ಗುನುಗಲು ನೋಡಿ. ರಾಗ ಏನೂ ಇಲ್ಲ, "ಝುಗ್ ಝುಗ್ ಝುಗ್" ಅಂದರೆ ಸಾಕು. ಎಷ್ಟು ಝುಗ್, ಎಲ್ಲಿ ನಿಲ್ಲುತ್ತದೆ, ಅಷ್ಟೇ.

ಗುನುಗಲು ಬಂತು ಅಂದಮೇಲೆ ಹಾಡನ್ನು ಮೊದಲಿನಿಂದ ಹಾಕಿ. ಈಗ ನಿಮಗೆ ಮುಂದೆ ಏನು ಬರುತ್ತದೆ ಅಂತ ಗೊತ್ತು. ಎರಡೂವರೆ ನಿಮಿಷದ ಗದ್ದಲಕ್ಕೆ ಒಂದು ಗುರಿ ಸಿಕ್ಕಿತು. ಬರೀ ಇಷ್ಟರಿಂದಲೇ ಹಾಡು ಬೇರೆ ಥರ ಕೇಳಿಸುತ್ತದೆ. ಆವತ್ತಿಗೆ ಅಷ್ಟು ಸಾಕು, ಉಳಿದ ಎಂಟು ಹಾಡು ಎಲ್ಲಿಗೂ ಓಡಿಹೋಗುವುದಿಲ್ಲ.

ಹೆಜ್ಜೆ 4: ಡ್ರಮ್ಸ್ ಹಿಂದೆ ಹೋಗಿ

ಮರುದಿನ ಅದೇ ಹಾಡು ಹಾಕಿ, ಆದರೆ ಮೈಕ್ ಸ್ಮಿತ್ ಕೈಕಾಲು ಮಾತ್ರ ಕೇಳಿ. ಉಳಿದವರು ಇಲ್ಲವೇ ಇಲ್ಲ ಅಂದುಕೊಳ್ಳಿ.

ಈ ಆಲ್ಬಂನಲ್ಲಿ ಡ್ರಮ್ಸ್‌ಗೆ ಸ್ಥೂಲವಾಗಿ ಮೂರು ಗೇರ್ ಇವೆ.

ಮೊದಲನೆಯದು ಬ್ಲಾಸ್ಟ್ ಬೀಟ್. ಕಿಕ್ ಒಂದು, ಸ್ನೇರ್ ಒಂದು, ಕಿಕ್ ಒಂದು, ಸ್ನೇರ್ ಒಂದು. ಕಿಕ್ ಜೊತೆಗೇ ಸಿಂಬಲ್ ಏಟು. ಬಾಯಲ್ಲಿ ಹೇಳುವುದಾದರೆ "ಧಡ್-ಟಕ್-ಧಡ್-ಟಕ್", ನಾಲಿಗೆ ತೊಡರುವಷ್ಟು ವೇಗವಾಗಿ. ಹಳೇ ಶೈಲಿಯ ಬ್ಲಾಸ್ಟ್ ಅಂದರೆ ಇದು. ಕೆಲವು ಡ್ರಮ್ಮರ್‌ಗಳು ಕಿಕ್ಕನ್ನೂ ಸ್ನೇರನ್ನೂ ಒಟ್ಟಿಗೇ ಹೊಡೆಯುತ್ತಾರೆ, ಅದಕ್ಕೆ ಹ್ಯಾಮರ್ ಬ್ಲಾಸ್ಟ್ ಅನ್ನುತ್ತಾರೆ.

ಎರಡನೆಯದು ಡಬಲ್ ಬೇಸ್. ಎರಡು ಕಾಲಿನಿಂದ ಕಿಕ್ ನಿಲ್ಲದೆ ಉರುಳುತ್ತಿರುತ್ತದೆ, ಮೇಲೆ ಸ್ನೇರ್ ಮಾತ್ರ ಸಾಮಾನ್ಯ ವೇಗದಲ್ಲಿ ಬೀಳುತ್ತದೆ. ಕೆಳಗೆ ಓಟ, ಮೇಲೆ ನಡಿಗೆ.

ಮೂರನೆಯದು ನೀವು ಆಗಲೇ ಕೇಳಿದ್ದು. ಎಲ್ಲವೂ ನಿಧಾನ, ಸ್ನೇರ್ ದೂರ ದೂರ.

ಬ್ಲಾಸ್ಟ್ ಬಂದಾಗ ಸ್ನೇರ್ ಏಟು ಎಣಿಸಲು ಹೋಗಬೇಡಿ. ಹೊಸಬರು ಸೋಲುವುದು ಇಲ್ಲೇ. ಪ್ರತಿ ಏಟಿಗೂ ಪಾದ ಕುಟ್ಟಿದರೆ ಅರ್ಧ ನಿಮಿಷದಲ್ಲಿ ಮೀನಖಂಡ ಹಿಡಿಯುತ್ತದೆ. ಬದಲಿಗೆ ಗಿಟಾರ್ ರಿಫ್ ಎಲ್ಲಿ ತಿರುಗಿ ಮೊದಲಿಗೆ ಬರುತ್ತದೆ ಅಂತ ನೋಡಿ. ಆ ತಿರುವಿಗೆ ಒಂದು ಸಲ ತಾಳ ಹಾಕಿ. ಮುಂದಿನ ತಿರುವಿಗೆ ಇನ್ನೊಂದು. ಹೀಗೆ ದೊಡ್ಡ ಆವರ್ತ ಹಿಡಿದರೆ ಒಳಗಿನ ವೇಗ ನಿಮ್ಮನ್ನು ಹೆದರಿಸುವುದಿಲ್ಲ. ಕರ್ನಾಟಕ ಸಂಗೀತ ಕೇಳಿ ಅಭ್ಯಾಸ ಇದ್ದವರಿಗೆ ಇದು ಬೇಗ ಬರುತ್ತದೆ. ಮೃದಂಗದವರು ಎಷ್ಟೇ ಒತ್ತಾಗಿ ನುಡಿಸಿದರೂ ಸಭೆಯಲ್ಲಿ ಕೂತವರ ಕೈ ತನ್ನ ಪಾಡಿಗೆ ತಾಳ ಹಾಕುತ್ತಿರುತ್ತದಲ್ಲ, ಅದೇ ಕೈ ಇಲ್ಲೂ ಬೇಕು.

ಆದರೂ ಹಿಡಿತಕ್ಕೆ ಬರದಿದ್ದರೆ ಯೂಟ್ಯೂಬ್‌ನಲ್ಲಿ ಹಾಡು ಹಾಕಿ ಪ್ಲೇಬ್ಯಾಕ್ ವೇಗವನ್ನು 0.75ಕ್ಕೆ ಇಳಿಸಿ. ಸದ್ದು ಸ್ವಲ್ಪ ಕೆಡುತ್ತದೆ, ಆದರೆ ಕಿಕ್ ಮತ್ತು ಸ್ನೇರ್ ಬಿಡಿ ಬಿಡಿಯಾಗಿ ಕಾಣುತ್ತವೆ. ಒಮ್ಮೆ ಹಾಗೆ ಕೇಳಿ ಮತ್ತೆ ಮಾಮೂಲಿ ವೇಗಕ್ಕೆ ಬನ್ನಿ.

ಇನ್ನೊಂದು ಉಪಾಯವೂ ಇದೆ. ಬ್ಯಾಂಡ್‌ನ ಹಳೇ ಲೈವ್ ವಿಡಿಯೋ ನೋಡಿ. ಬ್ಲಾಸ್ಟ್ ಶುರುವಾದ ಕೂಡಲೇ ಫ್ರಾಂಕ್ ಮುಲನ್ ಅಂಗೈ ಚಾಚಿ ಗಾಳಿಯನ್ನು ಕೊಚ್ಚತೊಡಗುತ್ತಾರೆ, ಸ್ನೇರ್ ವೇಗಕ್ಕೇ. ಬ್ಲಾಸ್ಟ್ ನಿಂತರೆ ಕೈಯೂ ನಿಲ್ಲುತ್ತದೆ. ಅಭಿಮಾನಿಗಳೂ ಕೆಳಗಿನಿಂದ ಹಾಗೇ ಕೊಚ್ಚುತ್ತಾರೆ. ನೋಡಲು ತಮಾಷೆ ಅನ್ನಿಸಬಹುದು. ಆದರೆ ಗೇರ್ ಎಲ್ಲಿ ಬದಲಾಯಿತು ಅಂತ ಕಣ್ಣಿಗೇ ತೋರಿಸುವ ಮೇಷ್ಟ್ರು ಬೇರೆ ಯಾರು ಸಿಗುತ್ತಾರೆ?

ಗೇರ್ ಬದಲಾಗುವ ಮುನ್ನ ಸ್ಮಿತ್ ಹಾಕುವ ಸಣ್ಣ ಸಣ್ಣ ಉರುಳುಗಳನ್ನೂ ಕೇಳಿ. ಟಾಮ್ ಅನ್ನುವ ಡ್ರಮ್‌ಗಳ ಮೇಲೆ ಓಡುವ ಆ ಫಿಲ್‌ಗಳು ಸುಮ್ನೆ ಅಲಂಕಾರಕ್ಕೆ ಇಟ್ಟವಲ್ಲ. ಮುಂದೆ ತಿರುವು ಇದೆ ಅಂತ ಹೇಳುವುದೇ ಅವುಗಳ ಕೆಲಸ.

ಹೆಜ್ಜೆ 5: ಗಿಟಾರ್, ಕಾಗದ, ಪೆನ್ನು

ಈಗ ಗಿಟಾರ್. ಸೆರಿಟೊ ಮತ್ತು ಹಾಬ್ಸ್ ಬಳಸುವ ಸಾಮಾನು ನಾಲ್ಕು ಥರದ್ದು. ಒಂದೊಂದೂ ಕಿವಿಗೆ ಗುರುತು ಸಿಕ್ಕಬೇಕು.

ಟ್ರೆಮೊಲೊ ಪಿಕಿಂಗ್ ಅಂದರೆ ಒಂದೇ ಸ್ವರವನ್ನು ಪಿಕ್‌ನಿಂದ (ತಂತಿ ಮೀಟುವ ಸಣ್ಣ ಬಿಲ್ಲೆ) ಮೇಲೆ ಕೆಳಗೆ ಬಹಳ ವೇಗವಾಗಿ ಮೀಟುವುದು. ಜೇನುಗೂಡಿನ ಗುಂಯ್ ಬರುತ್ತದೆ. ಬ್ಲಾಸ್ಟ್ ಬೀಟ್ ಜೊತೆ ಹೆಚ್ಚಾಗಿ ಇದೇ ಇರುತ್ತದೆ. ಪಾಮ್ ಮ್ಯೂಟ್ ಅಂದರೆ ಮೀಟುವ ಕೈಯ ಅಂಗೈ ಅಂಚನ್ನು ಬ್ರಿಜ್ (ತಂತಿಗಳು ಕೂರುವ ಪಟ್ಟಿ) ಹತ್ತಿರ ತಂತಿಯ ಮೇಲೆ ಹಗುರವಾಗಿ ಇಡುವುದು. ಸ್ವರ ಮೊಳಗುವ ಮೊದಲೇ ಸತ್ತು "ಝುಗ್" ಅನ್ನುತ್ತದೆ. ಪಿಂಚ್ ಹಾರ್ಮೋನಿಕ್ ಅಂದರೆ ಪಿಕ್ ಜೊತೆ ಹೆಬ್ಬೆರಳನ್ನೂ ತಂತಿಗೆ ತಾಗಿಸಿ ತೆಗೆಯುವ "ಕೀಂಯ್" ಸದ್ದು. ತಗ್ಗು ರಿಫ್ ನಡುವೆ ಇದು ಚುಚ್ಚಿ ಬರುತ್ತದೆ.

ನಾಲ್ಕನೆಯದು ಸ್ವರಗಳ ಆಯ್ಕೆ. ಇವರು ರಾಗದ ಜಾಡು ಹಿಡಿಯುವುದಿಲ್ಲ. ಪಕ್ಕಪಕ್ಕದ ಅರ್ಧಸ್ವರಗಳಲ್ಲಿ ಮೇಲೆ ಕೆಳಗೆ ಓಡಾಡುತ್ತಾರೆ. ಇದಕ್ಕೆ ಕ್ರೊಮ್ಯಾಟಿಕ್ ಅನ್ನುತ್ತಾರೆ. ಮೇಡನ್ ಹಾಡನ್ನು ಕೇಳಿ ಮುಗಿಸಿದರೆ ಬಾಯಲ್ಲಿ ಒಂದು ಧಾಟಿ ಉಳಿಯುತ್ತದೆ. ಸಫೊಕೇಶನ್‌ನಲ್ಲಿ ಹಾಗೆ ಉಳಿಯುವುದಿಲ್ಲ, ಯಾಕೆಂದರೆ ಕಿವಿ ಮರಳಿ ಬಂದು ಕೂರುವಂಥ ಮನೆಸ್ವರವನ್ನು ಅವರು ಕೊಡುವುದೇ ಇಲ್ಲ. ಧಾಟಿಯ ಬದಲು ಲಯ ಉಳಿಯುತ್ತದೆ. ರಿಫ್ ನೆನಪಿಡಬೇಕಾದರೆ ಲಯದಲ್ಲೇ ನೆನಪಿಡಿ.

ಈಗ ಕಾಗದ ತೆಗೆದುಕೊಳ್ಳಿ. ಈ ಸಲ 'ಇನ್‌ಫೆಕ್ಟಿಂಗ್ ದ ಕ್ರಿಪ್ಟ್ಸ್' ಹಾಕಿ. ಆಲ್ಬಂನ ಮೂರನೇ ಹಾಡು, ನನ್ನ ಲೆಕ್ಕದಲ್ಲಿ ಇಡೀ ಆಲ್ಬಂನಲ್ಲೇ ಒಳ್ಳೆಯದು. ಮೊದಲ ರಿಫ್ ಕೇಳಿದಾಗ ಕಾಗದದ ಎಡಬದಿಗೆ 'ಅ' ಅಂತ ಬರೆಯಿರಿ, ಪಕ್ಕದಲ್ಲಿ ಪ್ಲೇಯರ್ ತೋರಿಸುವ ಸಮಯ. ರಿಫ್ ಬದಲಾದ ಕೂಡಲೇ 'ಆ'. ಮತ್ತೆ ಬದಲಾದರೆ 'ಇ'. ಹಳೇ ರಿಫ್ ವಾಪಸ್ ಬಂದರೆ ಹಳೇ ಅಕ್ಷರವನ್ನೇ ಹಾಕಿ. ಪ್ರತಿ ಅಕ್ಷರದ ಮುಂದೆ ಡ್ರಮ್ಸ್ ಯಾವ ಗೇರ್‌ನಲ್ಲಿದೆ ಅಂತ 1, 2, 3 ಬರೆಯಿರಿ.

ಮೊದಲ ಸಲ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ನಿಲ್ಲಿಸಿ, ಹಿಂದೆ ಎಳೆಯಿರಿ. ಅವಸರ ಏನಿಲ್ಲ.

ಪಟ್ಟಿ ಮುಗಿದ ಮೇಲೆ ಅದನ್ನು ನೋಡಿ. ಪಲ್ಲವಿ, ಚರಣ, ಪಲ್ಲವಿ, ಚರಣ ಅನ್ನುವ ಮಾಮೂಲಿ ವಿನ್ಯಾಸ ಇಲ್ಲಿ ಸಿಗುವುದಿಲ್ಲ. ಹೊಸ ಅಕ್ಷರಗಳು ಬರುತ್ತಲೇ ಇರುತ್ತವೆ. ಆದರೆ ಗೇರ್ ಅಂಕಿಗಳ ಸಾಲನ್ನು ಮೇಲಿನಿಂದ ಕೆಳಗೆ ಓದಿ. 1, 2, 1, 3 ಹೀಗೆ ಏರಿಳಿತ ಕಾಣುತ್ತದೆ. ಹಾಡನ್ನು ಕಟ್ಟಿ ನಿಲ್ಲಿಸಿರುವುದು ಆ ಏರಿಳಿತ. ಸುಮಾರು ಜನ ಈ ಬ್ಯಾಂಡನ್ನು "ಟೆಕ್ನಿಕಲ್" ಅಂತ ಕರೆದು ಸುಮ್ಮನಾಗುತ್ತಾರೆ. ಬೆರಳಿನ ಚುರುಕು ಇದೆ ನಿಜ. ಆದರೆ ಚುರುಕು ಬೇರೆಯವರಲ್ಲೂ ಇತ್ತು. ಯಾವ ರಿಫ್ ಆದಮೇಲೆ ಯಾವುದನ್ನು ಇಡಬೇಕು ಅನ್ನುವ ಲೆಕ್ಕಾಚಾರದಲ್ಲಿ ಇವರು ಆ ಕಾಲದಲ್ಲಿ ಎಲ್ಲರಿಗಿಂತ ಮುಂದಿದ್ದರು.

ಹೆಜ್ಜೆ 6: ನಿಧಾನ ಭಾಗವನ್ನು ಬಿಚ್ಚಿ ನೋಡುವುದು

ವಾಪಸ್ 'ಲೀಜ್ ಆಫ್ ಇನ್ವೆರಾಸಿಟಿ'ಗೆ ಬನ್ನಿ. ಆ ನಿಧಾನ ಭಾಗ ಚರಿತ್ರೆಯಲ್ಲಿ ದೊಡ್ಡ ಹೆಸರು ಮಾಡಿದೆ. ಸ್ಲ್ಯಾಮ್ ಅಂತ ಇವತ್ತು ಕರೆಯುವ ರಿಫ್ ಶೈಲಿಯ ಮೂಲ ಯಾವುದು ಅಂತ ಕೇಳಿದರೆ ಹೆಚ್ಚಿನವರು ಬೆರಳು ತೋರಿಸುವುದು ಇಲ್ಲಿಗೇ. 1991ರಲ್ಲಿ ಆ ಹೆಸರು ಚಾಲ್ತಿಯಲ್ಲಿ ಇರಲಿಲ್ಲ. ಹಾಡಿನಲ್ಲಿ ಒಂದು ಭಾಗವಾಗಿ ಇದ್ದದ್ದನ್ನು ಆಮೇಲೆ ಬಂದ ಬ್ಯಾಂಡ್‌ಗಳು ಹಾಡು ಪೂರ್ತಿ ಹರಡಿದವು.

ಅದು ಯಾಕೆ ಅಷ್ಟು ಭಾರ ಅನ್ನಿಸುತ್ತದೆ? ಮೂರು ಕಾರಣ ಕಿವಿಗೇ ಸಿಗುತ್ತವೆ. ಅದಕ್ಕೂ ಹಿಂದಿನ ಹತ್ತು ಹದಿನೈದು ಸೆಕೆಂಡಿನಿಂದ ಕೇಳಿ. ಹಿಂದೆ ಸ್ವರಗಳು ಒತ್ತೊತ್ತಾಗಿ ಇದ್ದವು. ಇಲ್ಲಿ ಸ್ವರಗಳು ಕಡಿಮೆ, ನಡುವೆ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಕಿವಿ ಮುಂದಿನ ಏಟಿಗೆ ಕಾಯುತ್ತದೆ. ಎರಡನೆಯದು, ಗಿಟಾರ್ ಝುಗ್ ಅಂದಾಗ ಕಿಕ್ ಕೂಡ ಅಲ್ಲೇ ಬೀಳುತ್ತದೆ. ಎರಡೂ ಸೇರಿ ಒಂದೇ ವಾದ್ಯ ಆಗಿಬಿಡುತ್ತದೆ. ಬ್ಲಾಸ್ಟ್ ಭಾಗದಲ್ಲಿ ಗಿಟಾರ್ ಮತ್ತು ಡ್ರಮ್ಸ್ ಒಂದರ ಮೇಲೊಂದು ಓಡುತ್ತಿದ್ದವು, ಇಲ್ಲಿ ಜೊತೆಗೆ ನಡೆಯುತ್ತವೆ. ಮೂರನೆಯದು ಸ್ನೇರ್. ಅದು ತಡವಾಗಿ ಬರುವುದರಿಂದ ಪ್ರತಿ ಏಟಿಗೂ ತೂಕ ಹೆಚ್ಚು.

ಈ ಮೂರರಲ್ಲಿ ಯಾವುದಾದರೂ ಒಂದನ್ನು ತೆಗೆದುಬಿಟ್ಟರೆ ಏನಾಗುತ್ತದೆ ಅಂತ ಊಹಿಸಿ. ಮುಂದೆ ಬೇರೆ ಬ್ಯಾಂಡ್‌ಗಳ ಬ್ರೇಕ್‌ಡೌನ್ ಸಪ್ಪೆ ಅನ್ನಿಸಿದಾಗ, ಹೆಚ್ಚಾಗಿ ಇವುಗಳಲ್ಲೊಂದು ಕಾಣೆಯಾಗಿರುತ್ತದೆ. ಅದರಲ್ಲೂ ಮೊದಲನೆಯದು. ಹಾಡು ಪೂರ್ತಿ ನಿಧಾನವಾಗಿದ್ದರೆ ನಿಧಾನಕ್ಕೆ ಬೆಲೆ ಎಲ್ಲಿಂದ ಬರಬೇಕು?

ಒಂದು ವಿಷಯ ಗಮನಿಸಿ. ಕೆಲವು ಕಡೆ ವೇಗ ನಿಜವಾಗಿಯೇ ಇಳಿಯುತ್ತದೆ. ಇನ್ನು ಕೆಲವು ಕಡೆ ಒಳಗಿನ ವೇಗ ಹಾಗೇ ಇದ್ದು, ಸ್ನೇರ್ ಬೀಳುವ ಜಾಗ ಮಾತ್ರ ದೂರವಾಗುತ್ತದೆ. ಎರಡೂ ಕೇಳುವಾಗ ನಿಧಾನವೇ. ವ್ಯತ್ಯಾಸ ಹಿಡಿಯಲು ಮೊದಲೇ ಹಾಕುತ್ತಿದ್ದ ತಾಳವನ್ನು ಬಿಡದೆ ಮುಂದುವರಿಸಿ. ತಾಳ ಕೂತರೆ ಸ್ನೇರ್ ಆಟ, ತಪ್ಪಿದರೆ ವೇಗವೇ ಬದಲಾಗಿದೆ.

ಹೆಜ್ಜೆ 7: ಗಂಟಲು

ಇಷ್ಟು ಹೊತ್ತು ಮುಲನ್ ಅವರನ್ನು ಪಕ್ಕಕ್ಕೆ ಇಟ್ಟಿದ್ದೆವು. ಬೇಕಂತಲೇ.

ಅವರದು ತೀರಾ ತಗ್ಗಿನ ಗುಟುರು. ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಮಾತು ತಿಳಿಯುವುದಿಲ್ಲ, ಹಾಗಾಗಿ ನಿಮಗೆ ತಿಳಿಯದಿದ್ದರೆ ಬೇಜಾರು ಬೇಡ. ಮೊದಲು ಅವರನ್ನು ಐದನೇ ವಾದ್ಯ ಅಂದುಕೊಂಡು ಕೇಳಿ. ಯಾವ ಉಚ್ಚಾರ ಯಾವ ಏಟಿನ ಮೇಲೆ ಬಿತ್ತು, ರಿಫ್ ಮುಗಿಯುವಾಗ ಕೊನೆಯ ಉಚ್ಚಾರವನ್ನು ಎಷ್ಟು ಎಳೆದರು, ಎಲ್ಲಿ ಸುಮ್ಮನಾದರು. ಮುಲನ್ ರಿಫ್ ಜೊತೆ ಮಾತನ್ನು ಕೂರಿಸುವುದರಲ್ಲಿ ನಿಸ್ಸೀಮರು. ವೇಗದ ಭಾಗದಲ್ಲಿ ಉಚ್ಚಾರಗಳು ಪಟಪಟ ಬೀಳುತ್ತವೆ, ನಿಧಾನ ಭಾಗದಲ್ಲಿ ಹಿಗ್ಗುತ್ತವೆ.

ಇದಾದ ಮೇಲೆ ಸಾಹಿತ್ಯ ಮುಂದಿಟ್ಟುಕೊಂಡು ಒಮ್ಮೆ ಕೇಳಿ. ಈ ಪ್ರಕಾರ ಅಂದರೆ ಬರೀ ರಕ್ತ, ಮಾಂಸ, ಹೆಣ ಅನ್ನುವ ಅಭಿಪ್ರಾಯ ಇದೆ. ಬಹಳ ಬ್ಯಾಂಡ್‌ಗಳ ಮಟ್ಟಿಗೆ ಅದು ಸರಿ, ಕೆಲವನ್ನು ಓದಿ ಹೇಸಿಗೆ ಪಟ್ಟುಕೊಂಡು ಬಿಟ್ಟಿದ್ದೇನೆ. ಸಫೊಕೇಶನ್‌ನಲ್ಲೂ ಹೆಣ ಇಲ್ಲ ಅಂತಲ್ಲ. ಆದರೆ ಸುಳ್ಳು, ನಂಬಿಕೆಯ ಹೆಸರಿನ ಮೋಸ, ಮನುಷ್ಯ ತನ್ನನ್ನು ತಾನೇ ಹಾಳು ಮಾಡಿಕೊಳ್ಳುವುದು, ಇವುಗಳ ಸುತ್ತ ಬರೆದದ್ದೂ ಸಾಕಷ್ಟಿದೆ.

ಒಂದು ಸಣ್ಣ ಹುಡುಕಾಟ. 'ರೀಇನ್‌ಕ್ರಿಮೇಶನ್' ಮತ್ತು 'ಮಾಸ್ ಆಬ್ಲಿಟರೇಶನ್' ಹಾಡುಗಳಲ್ಲಿ ಇನ್ನೊಂದು ಗಂಟಲು ಸೇರುತ್ತದೆ. ಅದು ಜಾರ್ಜ್ 'ಕಾರ್ಪ್ಸ್‌ಗ್ರೈಂಡರ್' ಫಿಷರ್. ಆಗ ಅವರು ಮಾನ್‌ಸ್ಟ್ರಾಸಿಟಿ ಬ್ಯಾಂಡ್‌ನಲ್ಲಿದ್ದರು, ಕ್ಯಾನಿಬಲ್ ಕಾರ್ಪ್ಸ್ ಸೇರಿ ಹೆಸರು ಮಾಡಿದ್ದು ಆಮೇಲೆ. ಮುಲನ್ ಯಾವುದು, ಫಿಷರ್ ಯಾವುದು ಅಂತ ಬೇರೆ ಮಾಡಲು ಬಂದರೆ ನಿಮ್ಮ ಕಿವಿ ಪಳಗಿದೆ ಅಂತ ಅರ್ಥ.

ಬೇಸ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಗಿಟಾರ್ ಅಡಿಯಲ್ಲಿ ಅಡಗಿದೆ, ಹುಡುಕಿ ಸಮಯ ಹಾಳು ಮಾಡಿಕೊಳ್ಳಬೇಡಿ.

ಹೆಜ್ಜೆ 8: ಒಂದೇ ಹಾಡು, ಎರಡು ರೆಕಾರ್ಡಿಂಗ್

ಸದ್ದು ಹೇಗೆ ಹಾಡನ್ನು ಬದಲಿಸುತ್ತದೆ ಅಂತ ತಿಳಿಯಲು ಈ ಬ್ಯಾಂಡ್‌ನಷ್ಟು ಅನುಕೂಲ ಬೇರೆ ಯಾರೂ ಮಾಡಿಕೊಟ್ಟಿಲ್ಲ. ತಮ್ಮ ಹಾಡುಗಳನ್ನೇ ಮತ್ತೆ ಮತ್ತೆ ರೆಕಾರ್ಡ್ ಮಾಡುವ ಅಭ್ಯಾಸ ಇವರಿಗಿದೆ.

'ಇನ್‌ಫೆಕ್ಟಿಂಗ್ ದ ಕ್ರಿಪ್ಟ್ಸ್', 'ಮಾಸ್ ಆಬ್ಲಿಟರೇಶನ್', 'ಜೀಸಸ್ ವೆಪ್ಟ್' ಈ ಮೂರೂ 'ಹ್ಯೂಮನ್ ವೇಸ್ಟ್' ಇಪಿಯಲ್ಲೂ ಇವೆ. ನೀವು ಈಗಾಗಲೇ ಪಟ್ಟಿ ಮಾಡಿದ ಹಾಡನ್ನೇ ಇಪಿಯಲ್ಲಿ ಕೇಳಿ, ಕೂಡಲೇ ಆಲ್ಬಂನಲ್ಲಿ ಕೇಳಿ. ಕಿಕ್ ಡ್ರಮ್ ಒಂದನ್ನೇ ಗಮನಿಸಿ. ಸ್ಕಾಟ್ ಬರ್ನ್ಸ್ ಮಾಡಿದ ಡೆತ್ ಮೆಟಲ್ ಆಲ್ಬಂಗಳಲ್ಲಿ ಕಿಕ್‌ಗೆ "ಟಿಕ್" ಅನ್ನುವ ಮೊನೆ ಇರುತ್ತದೆ. ಬರೀ ಧಡ್ ಇದ್ದರೆ ಡಬಲ್ ಬೇಸ್ ವೇಗಕ್ಕೆ ಹೋದಾಗ ಏಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೊನೆ ಇದ್ದರೆ ಪ್ರತಿ ಏಟೂ ಬಿಡಿಯಾಗಿ ಕೇಳುತ್ತದೆ. ಈ ಟಿಕ್ ಕಂಡರೆ ಆಗದವರೂ ಇದ್ದಾರೆ. ಪ್ಲಾಸ್ಟಿಕ್ ಸದ್ದು ಅಂತ ಬೈಯುತ್ತಾರೆ. ನನಗೆ ಈ ಆಲ್ಬಂ ಮಟ್ಟಿಗೆ ಅದು ಸರಿಯಾಗಿದೆ ಅನ್ನಿಸುತ್ತದೆ.

ಎರಡನೇ ಜೋಡಿ ಇನ್ನೂ ಮಜವಾಗಿದೆ. 1993ರಲ್ಲಿ 'ಬ್ರೀಡಿಂಗ್ ದ ಸ್ಪಾನ್' ಆಲ್ಬಂ ಬಂತು. ಈ ಸಲ ಮಾರಿಸೌಂಡ್ ಇಲ್ಲ, ಬರ್ನ್ಸ್ ಇಲ್ಲ. ಬಜೆಟ್ ಸಿಗದೆ ಬೇರೆ ಕಡೆ ಮುಗಿಸಿದರು. ಬರವಣಿಗೆ ಮೊದಲ ಆಲ್ಬಂಗಿಂತ ಬಿಗಿಯಾಗಿದೆ, ಆದರೆ ಗಿಟಾರ್‌ಗಳು ಮಂಕು, ಬೇಸ್ ಮುಂದೆ ಬಂದು ಕೂತಿದೆ. ರಿಫ್‌ನ ಹಲ್ಲೇ ಮುರಿದಂತಾಗಿದೆ. ಬ್ಯಾಂಡ್‌ಗೂ ಅದು ಸಮಾಧಾನ ತಂದಿರಲಿಲ್ಲ. 1995ರ 'ಪಿಯರ್ಸ್ಡ್ ಫ್ರಂ ವಿದಿನ್' ಆಲ್ಬಂಗೆ ಮತ್ತೆ ಮಾರಿಸೌಂಡ್‌ಗೆ, ಬರ್ನ್ಸ್ ಹತ್ತಿರ ಹೋದರು. ಅಲ್ಲಿ 'ಬ್ರೀಡಿಂಗ್ ದ ಸ್ಪಾನ್' ಶೀರ್ಷಿಕೆ ಹಾಡನ್ನು ಹೊಸದಾಗಿ ಮಾಡಿದರು. ಅಲ್ಲಿಂದ ಮುಂದೆ 2006, 2009, 2013, 2017, 2023ರ ಆಲ್ಬಂಗಳಲ್ಲೂ ಆ ಹಳೇ ಆಲ್ಬಂನ ಒಂದೊಂದು ಹಾಡನ್ನು ಮತ್ತೆ ರೆಕಾರ್ಡ್ ಮಾಡುತ್ತಾ ಬಂದರು. ಇಂಥ ಹಟ ನನಗೆ ಬಹಳ ಇಷ್ಟ.

1993ರದ್ದು, 1995ರದ್ದು ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ಡ್ರಮ್ಮರ್ ಕೂಡ ಬೇರೆ. ಮೊದಲನೆಯದರಲ್ಲಿ ಮೈಕ್ ಸ್ಮಿತ್, ಎರಡನೆಯದರಲ್ಲಿ ಡಗ್ ಬಾನ್. ನಾಲ್ಕನೇ ಹೆಜ್ಜೆಯಲ್ಲಿ ಸ್ಮಿತ್ ಕೈ ಪರಿಚಯವಾಗಿದ್ದರೆ, ಫಿಲ್‌ಗಳ ವ್ಯತ್ಯಾಸ ಬೇಗ ಗೊತ್ತಾಗುತ್ತದೆ.

ಹೆಜ್ಜೆ 9: ಈಗ ಪೂರ್ತಿ ಆಲ್ಬಂ

ಇಲ್ಲಿಗೆ ಬರುವ ಹೊತ್ತಿಗೆ ಎರಡು ಹಾಡು ಚೆನ್ನಾಗಿ ಗೊತ್ತು, ಎರಡು ಮೂರು ಅರ್ಧಂಬರ್ಧ ಗೊತ್ತು. ಈಗ 37 ನಿಮಿಷ ಬಿಡುವು ಮಾಡಿಕೊಂಡು ಮೊದಲಿನಿಂದ ಕೊನೆವರೆಗೆ ಕೇಳಿ. ಕಾಗದ ಬೇಡ. ಶಫಲ್ ಬೇಡ. ಬಸ್ಸಿನಲ್ಲಿ ಬೇಡ, ಇಂಜಿನ್ ಸದ್ದಿಗೂ ತಗ್ಗಿಸಿದ ಗಿಟಾರ್‌ಗೂ ಜಗಳ ಹತ್ತುತ್ತದೆ.

ನಡುವೆ ಕಿವಿ ದಣಿದರೆ ಐದನೇ ಹಾಡು 'ಹ್ಯಾಬಿಚುಯಲ್ ಇನ್‌ಫಮಿ' ಆದಮೇಲೆ ನಿಲ್ಲಿಸಿ, ಎದ್ದು ಕಾಫಿ ಕುಡಿದು ಬನ್ನಿ. ಕ್ಯಾಸೆಟ್ ಕಾಲದಲ್ಲಿ ಮಗುಚಿ ಹಾಕುವ ನೆಪದಲ್ಲಿ ಕಿವಿಗೆ ಒಂದು ಬಿಡುವು ಸಿಗುತ್ತಿತ್ತು. ಸ್ಟ್ರೀಮಿಂಗ್ ಅದನ್ನು ಕಿತ್ತುಕೊಂಡಿದೆ.

ಮುಂದೆ ಎಲ್ಲಿಗೆ

ಇದೇ ಬ್ಯಾಂಡ್‌ನಲ್ಲಿ ಮುಂದಿನ ನಿಲ್ದಾಣ 'ಪಿಯರ್ಸ್ಡ್ ಫ್ರಂ ವಿದಿನ್'. ಸದ್ದು ಸ್ಪಷ್ಟ, ಹಾಡುಗಳು ಇನ್ನೂ ಉದ್ದ. ಅಲ್ಲಿಂದ 1998ರ 'ಡಿಸ್ಪೈಸ್ ದ ಸನ್' ಇಪಿ. ಆ ಇಪಿ ಆದಮೇಲೆ ಬ್ಯಾಂಡ್ ಮುರಿಯಿತು, ಮತ್ತೆ ಕೂಡಿ 2004ರಲ್ಲಿ ಹೊಸ ಆಲ್ಬಂ ತಂದರು. ಈಗ ಬ್ಯಾಂಡ್‌ನಲ್ಲಿ ಮುಲನ್ ಇಲ್ಲ, ಡಿಸ್ಗಾರ್ಜ್ ಬ್ಯಾಂಡ್‌ನಿಂದ ಬಂದ ರಿಕಿ ಮೈಯರ್ಸ್ ಹಾಡುತ್ತಾರೆ. 2023ರ 'ಹಿಮ್ಸ್ ಫ್ರಂ ದ ಅಪಾಕ್ರಿಫಾ' ಅವರ ಗಂಟಲಿನದು.

ಹೊರಗೆ ಹೋಗುವುದಾದರೆ ನಿಮ್ಮ ರುಚಿ ನೋಡಿಕೊಂಡು ದಾರಿ ಆರಿಸಿ. ಆರನೇ ಹೆಜ್ಜೆಯ ನಿಧಾನ ಭಾಗವೇ ಹೆಚ್ಚು ಹಿಡಿಸಿದ್ದರೆ ಲಾಂಗ್ ಐಲೆಂಡ್‌ನವರೇ ಆದ ಪೈರೆಕ್ಸಿಯಾ ಮತ್ತು ಇಂಟರ್ನಲ್ ಬ್ಲೀಡಿಂಗ್ ಕೇಳಿ. ಆಮೇಲೆ ಟೆಕ್ಸಸ್‌ನ ಡಿವೋರ್‌ಮೆಂಟ್. ಐದನೇ ಹೆಜ್ಜೆಯ ರಿಫ್ ಪಟ್ಟಿ ಮಜಾ ಕೊಟ್ಟಿದ್ದರೆ ಮಾಂಟ್ರಿಯಲ್‌ನ ಕ್ರಿಪ್ಟಾಪ್ಸಿ 1996ರಲ್ಲಿ ತಂದ 'ನನ್ ಸೋ ವೈಲ್' ಹಾಕಿ. ಅದರ ಡ್ರಮ್ಮರ್ ಫ್ಲೋ ಮೌನಿಯೆ ಕೈ ನೋಡಿದರೆ ಸ್ಮಿತ್ ತಾಳ್ಮೆಯವರು ಅನ್ನಿಸುತ್ತಾರೆ. ಎರಡೂ ಬೇಕು ಅನ್ನುವವರಿಗೆ ಮೇರಿಲ್ಯಾಂಡ್‌ನ ಡೈಯಿಂಗ್ ಫೀಟಸ್ ಇದೆ.

ಯಾವುದನ್ನು ಹಾಕಿದರೂ ಮೊದಲು ನಿಧಾನ ಭಾಗ ಹುಡುಕಿ, ಅಲ್ಲಿಂದ ಹಿಂದಕ್ಕೆ ಕೇಳಿಕೊಂಡು ಬನ್ನಿ. ಹುಡುಕಿದರೂ ನಿಧಾನ ಭಾಗವೇ ಸಿಗದಿದ್ದರೆ ಆ ಆಲ್ಬಂ ಮೇಲೆ ಜಾಸ್ತಿ ಸಮಯ ಕಳೆಯಬೇಡಿ.